ಯಾವ ಆಯ್ತು?

ಜೆಪ್ಪು, ಮಂಗಳೂರು
12 ಜೂನ್ 2022

ಪ್ರಿಯ ಆಳ್ವಾ,

ವಾಟ್ಸಾಪಿನಲ್ಲಿ ಕೇಳಬಹುದಿತ್ತು. ಆದರೆ ಕೆಲಸದ ಮಾತು ಬರವಣಿಗೆಯಲ್ಲಿ ಇರಬೇಕು ಅಂತ ಮಸ್ಕತ್ತಿನಲ್ಲಿ ನಾವು ಒಟ್ಟಿಗಿದ್ದ ಆ ಕೋಣೆಯಲ್ಲಿ ನನಗೆ ಕಲಿಸಿದವನು ನೀನೇ. ಹಾಗಾಗಿ ಈ ಮೇಲ್. ನಾವಿಬ್ಬರೂ ಮಾತಾಡುವುದು ತುಳು. ಬರೆಯಲು ಕೂತರೆ ಮಾತ್ರ ಶಾಲೆಯ ಕನ್ನಡವೇ ಗತಿ. ಈ ಕೊಂಕಣಿಯವನ ಕಾಗುಣಿತ ನೋಡಿ ನಗಬೇಡ.

ಫಳ್ನೀರಿನ ನಮ್ಮ ಆಸ್ಪತ್ರೆಗೆ ಆರು ಮಾಳಿಗೆಯ ಹೊಸ ಕಟ್ಟಡ ಏಳುತ್ತಾ ಉಂಟು. ಎಸಿ, ಫ್ಯಾನು, ಆಕ್ಸಿಜನ್ ಒತ್ತಡ, ಜನರೇಟರ್ ಎಲ್ಲವನ್ನೂ ಒಂದೇ ಪರದೆಯಲ್ಲಿ ನೋಡಿ ನಡೆಸುವ ಕಂಪ್ಯೂಟರ್ ವ್ಯವಸ್ಥೆ ಬೇಕಂತೆ. ಮೈಂಟೆನೆನ್ಸಿನ ಮುಖ್ಯಸ್ಥ ಅಂತ ಟ್ರಸ್ಟಿನವರು ನನ್ನನ್ನು ಕರೆದು ಕೇಳಿದರು. ಓಪನ್ ಪ್ರೊಟೊಕಾಲ್ ಇರುವುದೇ ಆಗಬೇಕು ಅಂದೆ.

"ಎಂತದು ಓಪನ್? ಬಾಗಿಲು ತೆರೆದಿಟ್ಟರೆ ನಾಯಿ ಬರ್ತದೆ ಮೊರಿಸರೇ" ಅಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

ನಾನು ಹೇಳಿದೆ: "ಸರ್, ಈ ಕೋಣೆಯಲ್ಲಿ ನೀವು ತುಳುವಿನವರು, ನಾನು ಕೊಂಕಣಿ, ಅಕೌಂಟ್ಸಿನ ಅರ್ಶದ್ ಬ್ಯಾರಿ. ಮನೆಯಲ್ಲಿ ನಮ್ಮ ನಮ್ಮ ಭಾಷೆ. ಮೀಟಿಂಗಿಗೆ ಬಂದರೆ ಎಲ್ಲರೂ ಕನ್ನಡ ಮಾತಾಡ್ತೇವೆ, ಕೆಲಸ ನಡೀತದೆ. ಯಂತ್ರಗಳಿಗೂ ಹಾಗೆ ಒಂದು ಸಾಮಾನ್ಯ ಭಾಷೆ ಉಂಟು. ಅದು ಬರುವ ಯಾವ ಕಂಪನಿಯ ಫ್ಯಾನೂ ಯಾವ ಕಂಪನಿಯ ಮೀಟರೂ ಒಟ್ಟಿಗೆ ಬಾಳ್ತದೆ. ಒಂದು ಹಾಳಾದರೆ ಕೊಟ್ಟಾರದ ಅಂಗಡಿಯಿಂದ ಬೇರೆ ತಂದು ನಾವೇ ಕೂರಿಸಬಹುದು. ಕಂಪನಿಯವನ ಕಾಲು ಹಿಡಿಯಬೇಕಾಗಿಲ್ಲ."

ಹಳೇ ಕಟ್ಟಡದಲ್ಲಿ ಇರುವುದು ಮನೆಭಾಷೆ ಬಿಟ್ಟು ಬೇರೆ ಬಾರದ ಯಂತ್ರ. ಒಂದು ಬೋರ್ಡು ಸುಟ್ಟರೆ ಚೆನ್ನೈಯಿಂದ ಇಂಜಿನಿಯರ್ ಬರುವ ತನಕ ಆಪರೇಷನ್ ಥಿಯೇಟರ್ ಬಂದ್. ಹೋದ ವರ್ಷ ಹಾಗೆ ನಾಲ್ಕು ದಿನ ಕಾದೆವು. ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡ ಹೆಂಗಸರನ್ನು ಬೇರೆ ಆಸ್ಪತ್ರೆಗೆ ಕಳಿಸಿದೆವು. ಅವರಿಗೆ ಹೇಳಲು ಮುಖ ಇರಲಿಲ್ಲ ನನಗೆ.

ಟೆಂಡರಿನಲ್ಲಿ ನಿನ್ನ ಕಂಪನಿಯೂ ಉಂಟು. ನೀನಿದ್ದರೆ ನನಗೆ ನಿದ್ದೆ ಬರ್ತದೆ. ಆದರೆ ಕರಾರಿನಲ್ಲಿ ಎರಡು ಸಾಲು ಬೇಕೇ ಬೇಕು. ಯಂತ್ರಗಳೆಲ್ಲ ಸಾಮಾನ್ಯ ಭಾಷೆಯಲ್ಲಿ ಮಾತಾಡಬೇಕು. ವ್ಯವಸ್ಥೆಯ ಒಳಗೆ ಹೋಗುವ ಪಾಸ್‌ವರ್ಡ್ ನಮ್ಮ ಕೈಯಲ್ಲಿರಬೇಕು.

ನನ್ನ ಮನೆಯವಳಿಗೆ, ಬರ್ನಡೆಟ್‌ಗೆ, ಹೊಸ ಕಟ್ಟಡದ ಐದನೇ ಮಾಳಿಗೆಯಲ್ಲಿ ಡ್ಯೂಟಿ, ಸಾಂಕ್ರಾಮಿಕ ರೋಗಗಳ ವಾರ್ಡು. ಅವಳೇ ಕೇಳಿ ತೆಗೆದುಕೊಂಡದ್ದು. ನಿನ್ನನ್ನು ಕೇಳಿದಳು.

ನಿನ್ನ,
ಮೊರಿಸ್

*

ಮಸ್ಕತ್
20 ಜೂನ್ 2022

ಪ್ರಿಯ ಪೊರ್ಬು,

ಕನ್ನಡದ ಉದಾಹರಣೆ ಓದಿ ಆಫೀಸಿನಲ್ಲಿ ಒಬ್ಬನೇ ನಕ್ಕೆ ಮಾರಾಯ. ಇಷ್ಟು ವರ್ಷ ಈ ಸಾಮಾನು ಮಾರುತ್ತಾ ಬಂದ ನನಗೆ ಅದು ಹೊಳೆಯಲಿಲ್ಲ. ಇನ್ನು ಮುಂದೆ ನಾನೂ ಅದನ್ನೇ ಹೇಳ್ತೇನೆ, ಊರಿನ ಒಬ್ಬ ಕ್ರಿಶ್ಚಿಯನ್ ಪೊರ್ಬು ಹೇಳಿದ್ದು ಅಂತ, ನಿನ್ನ ಹೆಸರು ಹೇಳುವುದಿಲ್ಲ.

ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ ಒಂದು ಆಸ್ಪತ್ರೆಯಲ್ಲಿ ಮೂರು ಕಂಪನಿಯ ಯಂತ್ರಗಳಿದ್ದವು. ಅದರಲ್ಲಿ ಒಂದು ಕಂಪನಿ ಬಾಗಿಲು ಹಾಕಿ ಹೋಯಿತು. ಆಸ್ಪತ್ರೆಗೆ ಅದು ಗೊತ್ತಾದದ್ದೇ ಪೇಪರಿನಲ್ಲಿ ಓದಿ. ಬೇರೆಯವರ ಸಾಮಾನು ತಂದು ಜೋಡಿಸಿದರು, ಮುಗಿಯಿತು. ನಮ್ಮ ಯಂತ್ರಕ್ಕೂ ಸಾಮಾನ್ಯ ಭಾಷೆ ಬರ್ತದೆ. ಬೇಕಾದಾಗ ಅದರ ಬಾಯಿ ಬಿಡಿಸಬೇಕು, ಅಷ್ಟೇ.

ಎರಡು ಸಾಲಿನ ವಿಷಯ ಮೇಲಿನವರ ಹತ್ತಿರ ಮಾತಾಡ್ತೇನೆ. ನೀನು ಟ್ರಸ್ಟಿನವರಿಗೆ ಹೆದರಬೇಡಿ ಅಂತ ಹೇಳು.

ಬರ್ನಡೆಟ್ ಅಕ್ಕನಿಗೆ ನಮಸ್ಕಾರ ಹೇಳು. ಟೈಫಾಯ್ಡ್ ಆಗಿ ನಾನು ಇಲ್ಲಿ ಬಿದ್ದಿದ್ದಾಗ ಡ್ಯೂಟಿ ಮುಗಿಸಿ ಬಂದು ಹದಿನೇಳು ದಿನ ಗಂಜಿ ಕುಡಿಸಿದ್ದು ಅವಳು. ಸ್ವಂತ ಅಕ್ಕ ಊರಲ್ಲಿ ಹರಕೆ ಹೇಳಿ ಸುಮ್ಮನಿದ್ದಳು. ಆ ಗಂಜಿಯ ಋಣ ಉಂಟು ನನಗೆ.

ನಿನ್ನ,
ಸರ್ವೋತ್ತಮ ಆಳ್ವ

*

ಜೆಪ್ಪು
3 ಸೆಪ್ಟೆಂಬರ್ 2022

ಪ್ರಿಯ ಆಳ್ವಾ,

ಎರಡು ಮೇಲಿಗೆ ಉತ್ತರವಿಲ್ಲ. ಕೆಲಸ ಜಾಸ್ತಿ ಇರಬಹುದು.

ನಾಳೆ ಸಂಜೆ ಟ್ರಸ್ಟಿನವರು ಕರಾರಿಗೆ ಸಹಿ ಹಾಕ್ತಾರೆ. ನಲವತ್ತಾರು ಪುಟದ ಇಂಗ್ಲಿಷು, ವಕೀಲರ ಇಂಗ್ಲಿಷು. ನಾನು ನಾಲ್ಕು ಪುಟ ಓದಿ ಕೈ ಮುಗಿದೆ. "ನೋಡಿದ್ದೀರಲ್ಲ ಮೊರಿಸರೇ?" ಅಂತ ಅಧ್ಯಕ್ಷರು ಕೇಳಿದರು. ಅಲ್ಲಿ ನನ್ನ ಜನ ಇದ್ದಾರೆ, ಕೇಳಿ ಹೇಳ್ತೇನೆ ಅಂದೆ.

ಸಾಮಾನ್ಯ ಭಾಷೆಯ ಸಾಲು, ಪಾಸ್‌ವರ್ಡಿನ ಸಾಲು, ಎರಡೂ ಹಾಕಿಸಿದೆಯಾ? ಉದ್ದ ಬರೆಯಬೇಡ. ಒಂದು ಶಬ್ದ ಸಾಕು.

ಮೊರಿಸ್

*

4 ಸೆಪ್ಟೆಂಬರ್ 2022

ಪೊರ್ಬು,

ಆಯ್ತು.

ಸ.

*

ಜೆಪ್ಪು
2 ಮಾರ್ಚ್ 2024

ಪ್ರಿಯ ಆಳ್ವಾ,

ಉದ್ಘಾಟನೆಗೆ ನೀನು ಬಾರದ್ದಕ್ಕೆ ಬರ್ನಡೆಟ್‌ಗೆ ಇನ್ನೂ ಸಿಟ್ಟುಂಟು. ನಿನಗೆ ಅಂತ ತೆಗೆದಿಟ್ಟ ಕುಸ್ವಾರದ ತಿಂಡಿ ಡಬ್ಬಿ ಎರಡು ಕ್ರಿಸ್ಮಸ್ ಕಂಡಿತು. ಮ್ಯಾನೇಜರ್ ಆದೆಯಂತೆ, ಬೇರೆಯವರ ಬಾಯಿಂದ ಕೇಳಿದೆ. ಸಂತೋಷ.

ಈಗ ಕೆಲಸದ ಮಾತು. ಐದನೇ ಮಾಳಿಗೆಯ ಐಸೊಲೇಶನ್ ಕೋಣೆಯ ಗಾಳಿಯನ್ನು ಹೊರಗೆಳೆಯುವ ಫ್ಯಾನಿನ ಕಂಟ್ರೋಲರ್ ಕೆಟ್ಟಿದೆ. ಆ ಕೋಣೆಯ ಗಾಳಿ ವಾರ್ಡಿಗೆ ಬರಬಾರದು, ನೇರ ಮಾಡಿನ ಮೇಲಿನಿಂದ ಹೋಗಬೇಕು. ಅದಕ್ಕಿರುವುದು ಆ ಫ್ಯಾನು. ನಮ್ಮ ಎಲೆಕ್ಟ್ರಿಷಿಯನ್ ಅಶ್ವಿತ್ ಕೊಟ್ಟಾರದಿಂದ ಬೇರೆ ಕಂಪನಿಯ ಕಂಟ್ರೋಲರ್ ತಂದು ಅರ್ಧ ಗಂಟೆಯಲ್ಲಿ ಕೂರಿಸಿದ. ನಿಮ್ಮ ಪರದೆ ಅದನ್ನು ಒಪ್ಪುವುದಿಲ್ಲ. "ಗುರುತಿಲ್ಲದ ಸಾಧನ" ಅಂತ ಬರೆದು ಕೂತಿದೆ. ಪಾಸ್‌ವರ್ಡ್ ಕೇಳುತ್ತದೆ.

ಪಾಸ್‌ವರ್ಡ್ ನಮಗೆ ಯಾರೂ ಕೊಟ್ಟಿಲ್ಲ. ಕೊಡಲು ಮರೆತಿರಬೇಕು. ಇವತ್ತೇ ಕಳಿಸು. ಒಳಗೆ ಒಬ್ಬರು ರೋಗಿ ಇದ್ದಾರೆ, ಕ್ಷಯ, ಸಾಮಾನ್ಯ ಮಾತ್ರೆಗೆ ಬಗ್ಗದ ಜಾತಿಯದ್ದು.

ಮೊರಿಸ್

*

ಮಸ್ಕತ್
5 ಮಾರ್ಚ್ 2024

ಪ್ರಿಯ ಮೊರಿಸ್,

ಪಾಸ್‌ವರ್ಡ್ ಕಂಪನಿಯ ನಿಯಮದ ಪ್ರಕಾರ ಗ್ರಾಹಕರಿಗೆ ಕೊಡುವುದಿಲ್ಲ. ಸುರಕ್ಷತೆಯ ಪ್ರಶ್ನೆ. ಹೊರಗಿನ ಸಾಮಾನು ಕೂರಿಸಿದ್ದನ್ನು ದಯವಿಟ್ಟು ತೆಗೆಸು, ಇಲ್ಲದಿದ್ದರೆ ವಾರಂಟಿ ಹೋಗುತ್ತದೆ. ಆಮೇಲೆ ನಾನೂ ಎಂತ ಮಾಡುವ ಹಾಗಿಲ್ಲ.

ನಮ್ಮ ಸರ್ವಿಸ್ ವಿಭಾಗಕ್ಕೆ ದೂರು ಹಾಕಿಸಿದ್ದೇನೆ. ಅವರು ಕೂತಲ್ಲಿಂದಲೇ ಕಂಪ್ಯೂಟರಿನಲ್ಲಿ ಸರಿ ಮಾಡ್ತಾರೆ, ಎರಡು ದಿನ. ಪರದೆ ಹಸಿರಾದರೆ ಎಲ್ಲ ಸರಿಯಾಯಿತು ಅಂತ ಲೆಕ್ಕ.

ಅಕ್ಕನಿಗೆ ಸಿಟ್ಟು ಮಾಡಬೇಡ ಅಂತ ಹೇಳು. ಕುಸ್ವಾರ ಈ ಸಲ ಬಂದು ತಿನ್ನುತ್ತೇನೆ.

ಸರ್ವೋತ್ತಮ

*

ಜೆಪ್ಪು
9 ನವೆಂಬರ್ 2024

ಶ್ರೀ ಸರ್ವೋತ್ತಮ ಆಳ್ವರಿಗೆ,

ಎಂಟು ತಿಂಗಳು ನಾನು ಬರೆಯಲಿಲ್ಲ. ನೀವೂ ಕೇಳಲಿಲ್ಲ.

ಮಾರ್ಚ್ ಏಳಕ್ಕೆ ನಿಮ್ಮ ಪರದೆ ಹಸಿರಾಯಿತು. ನಿಮ್ಮ ಮಾತಿನ ಹಾಗೆ ಎಲ್ಲ ಸರಿಯಾಯಿತು ಅಂತ ನಾವು ನಂಬಿದೆವು. ಇಪ್ಪತ್ತಮೂರು ದಿನ ನಂಬಿದೆವು.

ಇಪ್ಪತ್ತನಾಲ್ಕನೇ ದಿನ ಆ ವಾರ್ಡಿನ ಒಬ್ಬರು ನರ್ಸ್ ನನ್ನ ಹತ್ತಿರ ಬಂದು, "ಆ ಕೋಣೆಯ ಬಾಗಿಲು ಹಗುರ ಆಗಿದೆ, ನೋಡಿ" ಅಂದರು. ಕೋಣೆಯ ಗಾಳಿಯನ್ನು ಫ್ಯಾನು ಎಳೆಯುತ್ತಿದ್ದರೆ ಬಾಗಿಲು ಅಂಟಿಕೊಂಡಿರುತ್ತದೆ, ಜೋರು ಎಳೆದು ತೆಗೆಯಬೇಕು. ಅದು ಒಂದು ಬೆರಳಿಗೆ ಬರುತ್ತಿತ್ತು. ಅಶ್ವಿತ್ ಒಂದು ಊದುಬತ್ತಿ ಹಚ್ಚಿ ಬಾಗಿಲಿನ ಬುಡದ ಸಂದಿಗೆ ಹಿಡಿದ. ಹೊಗೆ ಒಳಗೆ ಹೋಗಬೇಕು. ಅದು ಹೊರಗೆ ಬಂತು, ನಮ್ಮ ಮುಖಕ್ಕೆ. ನರ್ಸುಗಳು ಕೂತು ಚಹಾ ಕುಡಿಯುವ ಮೇಜು ಅಲ್ಲಿಂದ ಎಂಟು ಹೆಜ್ಜೆ. ಅವತ್ತೇ ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳಿಸಿ ಆ ಕೋಣೆ ಮುಚ್ಚಿದೆವು.

ನಿಮ್ಮವರು ಫ್ಯಾನು ಸರಿ ಮಾಡಿರಲಿಲ್ಲ. ಅಲಾರಂ ಒರೆಸಿ ಹಾಕಿದ್ದರು. ಪರದೆ ತನಗೆ ನೆನಪಿದ್ದ ಕೊನೆಯ ಒಳ್ಳೆಯ ಅಂಕಿಯನ್ನೇ ತೋರಿಸುತ್ತಾ ಕೂತಿತ್ತು. ವ್ಯವಸ್ಥೆ ಓಪನ್ ಇದ್ದಿದ್ದರೆ ಬೇರೆ ಯಾರದ್ದಾದರೂ ಒಂದು ಸಾದಾ ಮೀಟರನ್ನು ಆ ಬಾಗಿಲಿಗೆ ಕೂರಿಸಿ ಅದೇ ಪರದೆಗೆ ಜೋಡಿಸುತ್ತಿದ್ದೆವು. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿಯುತ್ತಿತ್ತು. ಮೂರು ಕಾಸಿನ ಊದುಬತ್ತಿಗೆ ತಿಳಿದದ್ದು ನಿಮ್ಮ ಯಂತ್ರಕ್ಕೆ ತಿಳಿಯಲಿಲ್ಲ.

ಬಾಗಿಲು ಹಗುರ ಅಂತ ಹೇಳಿದ ಆ ನರ್ಸಿಗೆ ಸೆಪ್ಟೆಂಬರಿನಲ್ಲಿ ಕ್ಷಯ ಅಂತ ಗೊತ್ತಾಯಿತು. ಒಳಗಿದ್ದ ರೋಗಿಯದ್ದೇ ಜಾತಿ.

ಟ್ರಸ್ಟಿನವರು ತನಿಖಾ ಸಮಿತಿ ಮಾಡಿದ್ದಾರೆ. ಕರಾರಿನ ನಲವತ್ತಾರು ಪುಟವನ್ನೂ ನಾನು ಈಗ ಓದಿದೆ. ನನ್ನ ಎರಡು ಸಾಲು ಎಲ್ಲಿಯೂ ಇಲ್ಲ. ಆಯ್ತು ಅಂತ ನೀವು ಬರೆದದ್ದು ನನ್ನ ಹತ್ತಿರ ಉಂಟು. ಅದರ ಅರ್ಥ ಎಂತ ಅಂತ ತಿಳಿಸಬೇಕಾಗಿ ವಿನಂತಿ.

ಇತಿ,
ಮೊರಿಸ್ ಮಸ್ಕರೇನ್ಹಸ್

*

ಮಸ್ಕತ್
21 ನವೆಂಬರ್ 2024

ಪ್ರಿಯ ಪೊರ್ಬು,

ಎಂತ ಮಾರಾಯ ಇದು? ಮೂವತ್ತು ವರ್ಷದ ಮೇಲೆ ನನಗೆ "ನೀವು" ಅಂತೀಯಾ? "ಬೇಕಾಗಿ ವಿನಂತಿ" ಅಂತೀಯಾ? ನಾನು ಎಂತ, ತಾಲೂಕು ಆಫೀಸಿನ ಗುಮಾಸ್ತನಾ?

ಆಯ್ತು ಅಂದರೆ ಆಯ್ತು, ನೋಡುವ, ಪ್ರಯತ್ನ ಮಾಡ್ತೇನೆ ಅಂತ. ನಾವೆಲ್ಲ ಹಾಗೇ ಹೇಳುವುದಲ್ವಾ? ಹಾಕಿಸಿದ್ದೇನೆ ಅಂತ ನಾನು ಎಲ್ಲಿ ಬರೆದೆ? ಪುಟ ಓದದೆ ಸಹಿ ಹಾಕಿಸಿದ್ದು ನೀನು. ಬೇಸರ ಮಾಡಬೇಡ, ಇದ್ದದ್ದು ಹೇಳಿದೆ.

ಮತ್ತೆ ನರ್ಸಿಗೆ ಕ್ಷಯ ಬಂದದ್ದು ನಮ್ಮ ಫ್ಯಾನಿನಿಂದಲೇ ಅಂತ ಹೇಗೆ ಹೇಳುವುದು? ಬಸ್ಸಿನಲ್ಲಿ ಬರುವುದಿಲ್ಲವಾ ಅದು? ಅವಳು ಮಾಸ್ಕ್ ಸರಿಯಾಗಿ ಹಾಕ್ತಿದ್ದಳಾ ಅಂತ ಕೇಳು. ಈಗಿನ ಹುಡುಗಿಯರಿಗೆ ಗಲ್ಲದ ಕೆಳಗೆ ಮಾಸ್ಕ್. ಸಮಿತಿಯಲ್ಲಿ ಅದನ್ನೇ ಹೇಳು, ನಿನಗೂ ಒಳ್ಳೆಯದು. ನಿನ್ನ ರಿಟೈರ್ಮೆಂಟಿಗೆ ಇನ್ನೆಷ್ಟು, ಒಂದು ವರ್ಷ? ಸುಮ್ಮನೆ ತಲೆ ಮೇಲೆ ಎಳೆದುಕೊಳ್ಳಬೇಡ.

ಆ ಹುಡುಗಿ ಪಾಪ. ಅಕ್ಕನ ಹತ್ತಿರ ಹೇಳು, ಒಂದಿಷ್ಟು ಗಂಜಿ ಮಾಡಿಕೊಂಡು ಹೋಗಿ ಧೈರ್ಯ ಹೇಳಲಿ. ಅಕ್ಕನ ಗಂಜಿ ಕುಡಿದು ನಾನೇ ಎದ್ದು ನಿಂತವ.

ನಿನ್ನ,
ಆಳ್ವ

*

ಜೆಪ್ಪು
16 ಫೆಬ್ರವರಿ 2025

ಶ್ರೀ ಆಳ್ವರಿಗೆ,

ಗಂಜಿಯನ್ನು ನಾನು ಮಾಡುತ್ತಿದ್ದೇನೆ. ಬರ್ನಡೆಟ್ ಕುಡಿಯುತ್ತಾಳೆ.

ನಿಮ್ಮ ಪತ್ರ ಬಂದ ದಿನ ಓದಿ ಹೇಳಲು ಆಗಲಿಲ್ಲ. "ಅವ ಎಂತ ಬರೆದಿದ್ದಾನೆ?" ಅಂತ ಅವಳು ನಾಲ್ಕು ಸಲ ಕೇಳಿದಳು. ನಿನ್ನ ಮಾಸ್ಕ್ ಗಲ್ಲದ ಕೆಳಗೆ ಇತ್ತಾ ಅಂತ ಕೇಳಿದ್ದಾನೆ ಅನ್ನಲಾ? ಮೂವತ್ತಮೂರು ವರ್ಷ ನರ್ಸ್ ಆಗಿದ್ದವಳು. ಮಾಸ್ಕ್ ಕೋಣೆಯ ಒಳಗೆ ಹಾಕುವುದು, ಆಳ್ವರೇ. ಚಹಾ ಕುಡಿಯುವ ಮೇಜಿನಲ್ಲಿ ಯಾರು ಹಾಕುತ್ತಾರೆ?

ಹೆಸರು ನಾನು ಬೇಕೆಂದೇ ಬರೆಯಲಿಲ್ಲ. ಬರೆದಿದ್ದರೆ ನೀವು ಅಳುತ್ತಿದ್ದಿರಿ, ನಾನು ಸಮಾಧಾನ ಮಾಡಬೇಕಿತ್ತು. ಹೆಸರಿಲ್ಲದ ನರ್ಸಿಗೆ ನೀವು ಎಂತ ಉತ್ತರ ಕೊಡ್ತೀರಿ ಅಂತ ನೋಡಬೇಕಿತ್ತು. ನೋಡಿದೆ.

ಔಷಧಿ ಕೆಲಸ ಮಾಡುತ್ತಾ ಉಂಟು, ಜೀವಕ್ಕೆ ಭಯವಿಲ್ಲವಂತೆ. ಆದರೆ ಅದೇ ಔಷಧಿಗೆ ಅವಳ ಕೈಬೆರಳು ಮರಗಟ್ಟಿದೆ. ಇನ್ನು ಪೂರ್ತಿ ಬರುವುದು ಸಂಶಯ. ಈ ಸಿಸ್ಟರ ಬೆರಳಿಗೆ ಸಿಗದ ನರ ಇಲ್ಲ ಅಂತ ಮಕ್ಕಳ ಡಾಕ್ಟರರು ಕೆಳಗಿನ ಮಾಳಿಗೆಯಿಂದ ಕರೆಸಿಕೊಳ್ಳುತ್ತಿದ್ದರು. ಮೊನ್ನೆ ಬಂಗುಡೆ ಕತ್ತರಿಸುವಾಗ ಬೆರಳು ಕೊಯ್ದುಕೊಂಡಳು. ರಕ್ತ ನೋಡಿದ ಮೇಲೆ ಗೊತ್ತಾದದ್ದು. ಜಪಮಾಲೆಯ ಮಣಿ ತಾಗುವುದಿಲ್ಲ, ನಾನು ಹತ್ತಿರ ಕೂತು ಎಣಿಸುತ್ತೇನೆ. ರಾಜೀನಾಮೆಗೆ ಸಹಿ ಹಾಕುವಾಗ ಪೆನ್ನು ಹಿಡಿಸಿದವನೂ ನಾನೇ.

ಆಯ್ತು ಎಂಬ ಶಬ್ದದ ಬಗ್ಗೆ ಬಹಳ ಯೋಚಿಸಿದೆ. ತುಳುವಿನಲ್ಲಿ ಈ ಗೊಂದಲವೇ ಇಲ್ಲ. ಮಾಡುವ ಅನ್ನುವುದಕ್ಕೆ "ಆವು". ಮಾಡಿ ಮುಗಿಯಿತು ಅನ್ನುವುದಕ್ಕೆ "ಆಂಡ್". ಕೊಂಕಣಿಯಲ್ಲೂ ಎರಡು ಶಬ್ದ ಉಂಟು. ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಈ ತಪ್ಪು ಆಗುವ ಹಾಗಿಲ್ಲ. ಬರೆಯಲು ಇಬ್ಬರಿಗೂ ಸೇರಿದ ಕನ್ನಡದಲ್ಲಿ ಆಯಿತು. ಯಂತ್ರಗಳಿಗೆ ಅದನ್ನೇ ಬೋಧಿಸಿದವ ನಾನು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ. ನಮಗೆ ಮಾತೂ ಒಂದೇ, ತೂತೂ ಒಂದೇ ಆಯಿತು.

ಅವತ್ತು ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಆವುವಾ, ಆಂಡಾ?

ಸಮಿತಿ ಮಾರ್ಚ್ 18ಕ್ಕೆ ಸೇರುತ್ತದೆ. ಆ ಎರಡು ಸಾಲನ್ನು ನಾನು ಕೇಳಿದ್ದೆ, ನಿಮ್ಮ ಕಂಪನಿ ತೆಗೆಯಿತು ಅಂತ ಒಂದು ಹೇಳಿಕೆ ಸಹಿ ಹಾಕಿ ಕಳಿಸಿ. ನನಗೆ ಬೇರೆ ಎಂತದೂ ಬೇಡ. ಹೆಂಡತಿಯ ಬೆರಳು ತೆಗೆದವನು ನಾನೇ ಅಂತ ಕಾಗದದಲ್ಲಿ ಬರೆಸಿಕೊಂಡು ಮನೆಗೆ ಹೋಗಲು ನನ್ನಿಂದ ಆಗುವುದಿಲ್ಲ.

ಮೊರಿಸ್ ಮಸ್ಕರೇನ್ಹಸ್

*

ಮಸ್ಕತ್
2 ಮಾರ್ಚ್ 2025

ಮೊರಿಸ್,

ನೀನು ಅಂತಲೇ ಬರೆಯುತ್ತೇನೆ. ಬೇಡ ಅನ್ನಬೇಡ.

ಹದಿನೈದು ದಿನದಿಂದ ಅನ್ನ ಇಳಿಯಲಿಲ್ಲ. ಅಕ್ಕ ಅಂತ ಬರೆಯಲು ನನಗೆ ಯೋಗ್ಯತೆ ಇಲ್ಲ. ಫೋನು ಮಾಡಲು ಧೈರ್ಯ ಬರಲಿಲ್ಲ, ಅವಳೇ ಎತ್ತಿದರೆ ಎಂತ ಹೇಳುವುದು?

ನೀನು ಕೇಳಿದ್ದಕ್ಕೆ ಉತ್ತರ. ಎರಡೂ ಅಲ್ಲ. ನಿನ್ನ ಆ ಎರಡು ಸಾಲನ್ನು ಆಗಸ್ಟಿನಲ್ಲೇ ಮೇಲಿನವರು ಹೊಡೆದು ಹಾಕಿದ್ದರು. ಆಸ್ಪತ್ರೆ ನಮ್ಮನ್ನು ಬಿಟ್ಟು ಹೋಗದ ಹಾಗೆ ಬೀಗ ಇರಲಿ ಅಂದರು. ಈ ಕರಾರು ತಂದರೆ ಮ್ಯಾನೇಜರ್ ಕುರ್ಚಿ ಅಂದರು. ನನಗೆ ಎಲ್ಲ ಗೊತ್ತಿತ್ತು. ಅವತ್ತು ಏರ್‌ಪೋರ್ಟಿನಲ್ಲಿ ಕೂತು ನಿನಗೆ ಇದನ್ನೆಲ್ಲ ಬರೆದಿದ್ದೆ, ಸಹಿ ಹಾಕಬೇಡಿ ಅಂತ. ಅಳಿಸಿದೆ. ಆಮೇಲೆ "ಆವು" ಅಂತ ಬರೆದೆ. ಅದನ್ನೂ ಅಳಿಸಿದೆ. ಆಯ್ತು ಅಂತ ಬರೆದೆ. ನೀನು ಅದನ್ನು ಹೇಗೆ ಓದುತ್ತೀ ಅಂತ ಗೊತ್ತಿದ್ದೇ ಬರೆದೆ.

ಪಾಸ್‌ವರ್ಡ್ ಬೇರೆ ಮೇಲಿನಲ್ಲಿ ಕಳಿಸಿದ್ದೇನೆ. ಒಳಗೆ ಹೋದರೆ ಸಾಮಾನ್ಯ ಭಾಷೆಗೆ ಅಂತ ಒಂದು ಚೌಕ ಕಾಣುತ್ತದೆ, ಅದಕ್ಕೆ ಟಿಕ್ ಹಾಕಿಸು. ನಾನು ಕೊಟ್ಟದ್ದು ಅಂತ ಯಾರಿಗೂ ಹೇಳಬೇಡ. ಈ ಪತ್ರವನ್ನೂ ತೋರಿಸಬೇಡ. ಮಗಳು ಅಪೇಕ್ಷಾಳ ಮದುವೆ ಮೇ ತಿಂಗಳಿಗೆ ಗೊತ್ತಾಗಿದೆ. ಈಗ ಕೆಲಸ ಹೋದರೆ ಬೀಗರ ಎದುರು ನಿಲ್ಲುವುದು ಹೇಗೆ?

ಹೇಳಿಕೆ 18ರ ಒಳಗೆ ಅಲ್ವಾ? ಆಯ್ತು.

ಸರ್ವೋತ್ತಮ

*

ಜೆಪ್ಪು
24 ಮಾರ್ಚ್ 2025

ಶ್ರೀ ಸರ್ವೋತ್ತಮ ಆಳ್ವರಿಗೆ,

18ರಂದು ಸಂಜೆ ನಾಲ್ಕರ ತನಕ ಸಮಿತಿಯ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಫೋನು ಕೈಯಲ್ಲೇ ಇತ್ತು. ನಿಮ್ಮ ಹೇಳಿಕೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಒಳಗೆ ಅಧ್ಯಕ್ಷರು, "ಓಪನ್ ಓಪನ್ ಅಂತ ಹೇಳಿದವರು ನೀವೇ, ಮುಚ್ಚಿದ್ದನ್ನು ತಂದವರೂ ನೀವೇ. ಯಾರ ಮಾತು ನಂಬಿ ತಂದಿರಿ ಮೊರಿಸರೇ?" ಅಂತ ಕೇಳಿದರು. ಸ್ನೇಹಿತನ ಒಂದು ಶಬ್ದ ನಂಬಿ ಅಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಜವಾಬ್ದಾರಿ ನನ್ನದು ಅಂತ ಬರೆದ ಕಾಗದ ಎದುರಿಗೆ ಇಟ್ಟರು. ಒಂದು ವಾರ ಸಮಯ ಕೇಳಿದೆ.

ನಿಮ್ಮ 2ರ ಪತ್ರ ಆಗಲೂ ನನ್ನ ಕಿಸೆಯಲ್ಲಿ ಇತ್ತು. ತೆಗೆಯಲಿಲ್ಲ. ನೀವಾಗಿಯೇ ಮುಂದೆ ಬರುತ್ತೀರಿ ಅಂತ ಬರ್ನಡೆಟ್ ಹೇಳಿದ್ದಳು. "ಅವ ಕೆಟ್ಟವ ಅಲ್ಲ, ಪುಕ್ಕಲ. ಕಾಯುವ" ಅಂದಿದ್ದಳು. ಅವಳ ಮಾತಿಗೆ ಆರು ದಿನ ಕಾದೆ.

ಪಾಸ್‌ವರ್ಡ್ ಕೆಲಸ ಮಾಡಿತು. ಅಶ್ವಿತ್ ಆ ಚೌಕಕ್ಕೆ ಟಿಕ್ ಹಾಕಿದ. ಒಂದು ವರ್ಷದಿಂದ ಕಪಾಟಿನಲ್ಲಿ ಬಿದ್ದಿದ್ದ ಕೊಟ್ಟಾರದ ಆ ಕಂಟ್ರೋಲರ್ ಹತ್ತು ನಿಮಿಷದಲ್ಲಿ ನಿಮ್ಮ ಪರದೆಯೊಂದಿಗೆ ಮಾತಾಡಿತು. ಬೇರೆ ಕಂಪನಿಯ ಮೀಟರು ಬಾಗಿಲ ಮೇಲೆ ಕೂತಿದೆ, ಒತ್ತಡ ತಪ್ಪಿದರೆ ನರ್ಸುಗಳ ಮೇಜಿನಲ್ಲಿ ಗಂಟೆ ಹೊಡೆಯುತ್ತದೆ. ಬಾಗಿಲು ಈಗ ಭಾರ ಉಂಟು. ಯಂತ್ರಕ್ಕೆ ಸಾಮಾನ್ಯ ಭಾಷೆ ಮೊದಲ ದಿನದಿಂದಲೇ ಬರುತ್ತಿತ್ತು, ಆಳ್ವರೇ. ಬಾಯಿ ಕಟ್ಟಿ ಮಾರಿದವರು ನೀವು. ಒಂದು ಟಿಕ್ಕಿಗೆ ಇವಳ ಹತ್ತು ಬೆರಳು.

ಇವತ್ತು ಬೆಳಿಗ್ಗೆ ಅವಳ ರವಿಕೆಯ ಗುಂಡಿ ಹಾಕುತ್ತಿದ್ದೆ. ಆಳ್ವ ಕೊನೆಗೆ ಎಂತ ಬರೆದದ್ದು ಅಂತ ಕೇಳಿದಳು. ಆಯ್ತು ಅಂತ ಬರೆದಿದ್ದಾನೆ ಅಂದೆ. "ಈ ಸಲವಾದರೂ ಕೇಳಿದಿರಾ, ಯಾವ ಆಯ್ತು ಅಂತ?" ಅಂದಳು.

ನಾನು ಅಂಗಿ ಹಾಕಿ, ನಿಮ್ಮ 2ರ ಪತ್ರವನ್ನು ಕಿಸೆಗಿಟ್ಟು ಆಸ್ಪತ್ರೆಗೆ ಹೊರಟೆ.

ಆ ಪತ್ರವನ್ನು ಸಮಿತಿಗೆ ಕೊಡಬೇಡ ಅಂತ ಈಗ ನೀವು ಬರೆಯುತ್ತೀರಿ. ಮಗಳ ಮದುವೆ ಅನ್ನುತ್ತೀರಿ, ಗಂಜಿಯ ಋಣ ಅನ್ನುತ್ತೀರಿ. ಅದಕ್ಕೆ ಉತ್ತರವನ್ನು ಈಗಲೇ ಬರೆದು ಬಿಡುತ್ತೇನೆ. ತುಳುವಿನಲ್ಲೇ ಬರೆಯುತ್ತೇನೆ, ತಪ್ಪು ತಿಳಿಯಲು ಜಾಗ ಬೇಡ.

ಆಂಡ್.

ಮೊರಿಸ್